ಕಣ್ಣಿಗೆ ಬಂದದ್ದು ಹುಬ್ಬಿಗೆ ಹೋಯಿತು: ಅಗ್ಗದ .22 ರೈಫಲ್ ಕೊಳ್ಳುವ ಮುನ್ನ

ನನ್ನ ಬಲಹುಬ್ಬಿನ ಮೇಲೆ ಎರಡು ಹೊಲಿಗೆಯ ಗುರುತಿದೆ. ಕಣ್ಣಿಗೆ ಬಂದದ್ದು ಹುಬ್ಬಿಗೆ ಹೋಯಿತು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ, ಅದು ಅಕ್ಷರಶಃ ನನ್ನ ಮುಖದ ಮೇಲೆಯೇ ನಡೆಯುತ್ತದೆ ಎಂದುಕೊಂಡಿರಲಿಲ್ಲ. ಹುಬ್ಬು ಸೀಳಿದ್ದು ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಒಂದು ಹಿತ್ತಾಳೆಯ ಚೂರು. ಅದು ಬಂದದ್ದು ನಾನೇ ಆರಿಸಿ, ಚೌಕಾಸಿ ಮಾಡಿ, ಲಾಭವಾಯಿತೆಂದು ಹಿಗ್ಗುತ್ತಾ ತಂದ ರೈಫಲಿನಿಂದ. ಬಿಡುವಿನ ದಿನ ಗುರಿ ಹೊಡೆಯಲು ಅಗ್ಗದ .22, ಅಂದರೆ ನಳಿಗೆಯ ರಂಧ್ರ ಸುಮಾರು 0.22 ಅಂಗುಲವಿರುವ ಚಿಕ್ಕ ರೈಫಲೊಂದನ್ನು ಹುಡುಕುತ್ತಿರುವವರು ಇದನ್ನು ಕೊನೆಯವರೆಗೆ ಓದಬೇಕೆಂದು ನನ್ನ ಕೋರಿಕೆ. ಇದರಲ್ಲಿ ದುರದೃಷ್ಟದ ಪಾಲು ಕಡಿಮೆ, ನನ್ನ ದಡ್ಡತನದ ಪಾಲೇ ಹೆಚ್ಚು.

ಮಾರುವವರ ಬಳಿ ಒಂದೇ ಬೆಲೆಗೆ ಎರಡು ರೈಫಲುಗಳಿದ್ದವು. ಒಂದು ಹೊಸದು, ಬೋಲ್ಟನ್ನು, ಅಂದರೆ ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ತುಂಡನ್ನು, ಕೈಯಿಂದ ಎಳೆದು ಒಂದೊಂದೇ ತೋಟಾ ಏರಿಸುವಂಥದ್ದು. ನೋಡಲು ಬೋಳುಬೋಳು. ಅದಕ್ಕೆ ದುರ್ಬೀನೂ ಇಲ್ಲ, ತೋಟಾ ತುಂಬಿಡುವ ಹೆಚ್ಚುವರಿ ಮ್ಯಾಗಜೀನೂ ಇಲ್ಲ. ಇನ್ನೊಂದು ಬಳಸಿದ್ದು, ಸೆಮಿ ಆಟೊಮ್ಯಾಟಿಕ್. ಟ್ರಿಗರ್ ಒತ್ತಿದಷ್ಟು ಸಲ ತಾನೇ ಖಾಲಿ ತೋಟಾ ಹೊರಹಾಕಿ ಹೊಸತನ್ನು ಏರಿಸಿಕೊಳ್ಳುತ್ತದೆ. ಅದರ ಜೊತೆಗೆ ದುರ್ಬೀನು, ಮೂರು ಮ್ಯಾಗಜೀನು, ಚೀಲ, ಒರೆಸುವ ಸಲಾಕೆ. ಎಲ್ಲವೂ ಸೇರಿ ಅದೇ ಬೆಲೆ ಎಂದರೆ ಯಾರ ಮನಸ್ಸು ಎತ್ತ ವಾಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

"ಟ್ರಿಗರ್ ಒತ್ತಿ ನೋಡಿ ಸರ್, ಬೆಣ್ಣೆಯ ಹಾಗಿದೆ" ಎಂದರು ಮಾರುವವರು. ಖಾಲಿ ಇದೆಯೆಂದು ಖಚಿತ ಮಾಡಿಕೊಂಡು ಒತ್ತಿದೆ. ಟಿಕ್. ನಿಜಕ್ಕೂ ಚೆನ್ನಾಗಿತ್ತು. ಮತ್ತೆ ಒತ್ತಿದೆ. ಜೊತೆಗೆ ಬಂದಿದ್ದ ಗೆಳೆಯನೂ ಒತ್ತಿದ. ನಮಗಿಂತ ಮೊದಲು ಬಂದವರೆಲ್ಲ ಹೀಗೆಯೇ ಒತ್ತಿ ನೋಡಿರಬೇಕು ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಮನೆಗೆ ತಂದ ಮೇಲಂತೂ ಅಭ್ಯಾಸದ ಹೆಸರಿನಲ್ಲಿ ದಿನಾ ಸಂಜೆ ಗೋಡೆಯ ಮೇಲಿನ ಒಂದು ಚುಕ್ಕಿಗೆ ಗುರಿಯಿಟ್ಟು ಐವತ್ತು ಸಲ ಟಿಕ್, ಟಿಕ್. ಖಾಲಿ ರೈಫಲಿನಲ್ಲಿ ಅಭ್ಯಾಸ ಮಾಡಿದರೆ ಕೈ ಪಳಗುತ್ತದೆ ಎಂದು ಎಲ್ಲಿಯೋ ಓದಿದ್ದೆ. ಮಾತು ಸುಳ್ಳಲ್ಲ. ಆದರೆ ಅದನ್ನು ಬರೆದವರು ಹೇಳುತ್ತಿದ್ದದ್ದು ದೊಡ್ಡ ರೈಫಲುಗಳ ಬಗ್ಗೆ.

ದೊಡ್ಡ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ನಟ್ಟನಡುವೆ ಒಂದು ಪುಟ್ಟ ಬಟ್ಟಲಿನಲ್ಲಿರುತ್ತದೆ. .22 ತೋಟಾದಲ್ಲಿ ಹಾಗಿಲ್ಲ. ತಳದ ಸುತ್ತ ಇರುವ ಅಂಚಿನ ಮಡಿಕೆಯೊಳಗೇ ಆ ಮದ್ದು ಸವರಿರುತ್ತದೆ. ರಿಮ್‌ಫೈರ್ ಎಂಬ ಹೆಸರು ಬಂದದ್ದು ಇದರಿಂದಲೇ. ಟ್ರಿಗರ್ ಒತ್ತಿದಾಗ ಬೋಲ್ಟಿನೊಳಗಿನ ಉಕ್ಕಿನ ಕಡ್ಡಿ, ಅಂದರೆ ಫೈರಿಂಗ್ ಪಿನ್, ಬಂದು ಆ ಅಂಚನ್ನು ಚೇಂಬರಿನ ಬಾಯಂಚಿಗೆ ಒತ್ತಿ ಜಜ್ಜಿದಾಗ ಮದ್ದು ಹೊತ್ತುತ್ತದೆ. ಚೇಂಬರ್ ಎಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು. ಅಲ್ಲಿ ತೋಟಾ ಇಲ್ಲದಿದ್ದರೆ ಪಿನ್ ಯಾವುದನ್ನು ಜಜ್ಜಬೇಕು? ಚೇಂಬರಿನ ಬಾಯಂಚನ್ನೇ. ಪಿನ್ ಅಷ್ಟು ಮುಂದೆ ಹೋಗದಂತೆ ತಡೆಯಿಟ್ಟ ರೈಫಲುಗಳೂ ಇವೆ. 1964ರಲ್ಲಿ ಬಂದ ರೂಗರ್ 10/22 ಎಂಬ .22 ರೈಫಲನ್ನು ಖಾಲಿ ಒತ್ತಿದರೆ ಹಾನಿಯಿಲ್ಲ ಎಂದು ತಯಾರಕರೇ ಹೇಳುತ್ತಾರೆ. ನನ್ನದರಲ್ಲಿ ಅಂಥ ತಡೆ ಇದ್ದಿರಬಹುದು, ಸವೆದುಹೋಗಿತ್ತು. ಪ್ರತಿ ಟಿಕ್ ಎಂದರೆ ಉಕ್ಕಿನ ಮೇಲೆ ಬಿದ್ದ ಒಂದು ಸುತ್ತಿಗೆಯ ಏಟು. ಏಟು ಬಿದ್ದಲ್ಲಿ ಒಂದು ಕಚ್ಚು ಮೂಡುತ್ತದೆ, ಅಲ್ಲಿದ್ದ ಲೋಹ ಒಳಗೆ ತಳ್ಳಲ್ಪಟ್ಟು ಚೇಂಬರಿನೊಳಗೆ ಪುಟ್ಟ ಉಬ್ಬಾಗಿ ನಿಲ್ಲುತ್ತದೆ.

ಮೊದಲ ಎರಡು ವಾರ ಎಲ್ಲವೂ ಸರಿಯಾಗಿಯೇ ಇತ್ತು, ಅಂದರೆ ಸರಿಯಾಗಿದೆ ಎಂದು ನಾನು ಅಂದುಕೊಂಡಿದ್ದೆ. ಈಗ ಕೂತು ಲೆಕ್ಕ ಹಾಕಿದರೆ ರೈಫಲ್ ಮೂರು ಸಲ ಬಾಯಿಬಿಟ್ಟು ಹೇಳಿತ್ತು. ಮೊದಲನೆಯದಾಗಿ, ಹೊರಬಿದ್ದ ಖಾಲಿ ತೋಟಾಗಳ ಮೈಮೇಲೆಲ್ಲ ಒಂದೇ ಜಾಗದಲ್ಲಿ, ಪಿನ್ನಿನ ಗುರುತಿನ ನೇರಕ್ಕೆ, ಉದ್ದನೆಯ ಗೀರು. ಎತ್ತಿ ನೋಡಿ, ಹಾಗೆಯೇ ಡಬ್ಬಿಗೆ ಹಾಕಿದೆ. ಆಮೇಲೆ ಖಾಲಿ ತೋಟಾ ಒಳಗೇ ಕಚ್ಚಿಕೊಳ್ಳತೊಡಗಿತು. ಹತ್ತಕ್ಕೆ ಒಂದು, ಬರಬರುತ್ತಾ ಹತ್ತಕ್ಕೆ ಮೂರು. ನಾನು ಮಾಡಿದ್ದೇನೆಂದರೆ ಚಾಕುವಿನ ತುದಿಯಿಂದ ಮೀಟಿ ತೆಗೆಯುವುದು. ಚೇಂಬರಿನ ಬಾಯಿಗೆ ಚಾಕು! ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. ಮೂರನೆಯ ಸೂಚನೆ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು: ಬೋಲ್ಟ್ ಪೂರ್ತಿ ಮುಚ್ಚಿಕೊಳ್ಳದೆ ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತಿತ್ತು. ಎಣ್ಣೆ ಕಡಿಮೆಯಾಗಿದೆ ಎಂದುಕೊಂಡು ಎಣ್ಣೆ ಬಿಟ್ಟು, ಅಂಗೈಯಿಂದ ದಬ್ಬಿ ಮುಚ್ಚುತ್ತಿದ್ದೆ.

ಪೆಟ್ಟಾದ ಆ ದಿನ ಗುರಿ ಅಭ್ಯಾಸದ ಮೈದಾನದಲ್ಲಿ, ನಾಲ್ಕನೆಯ ಮ್ಯಾಗಜೀನಿನ ನಡುವೆಯೋ ಏನೋ, ಟ್ರಿಗರ್ ಒತ್ತಿದಾಗ ಎಂದಿನ "ಪಟ್" ಬರಲಿಲ್ಲ. ಪ್ರೆಶರ್ ಕುಕ್ಕರಿನ ಸೀಟಿ ಒಮ್ಮೆಗೇ ಹಾರಿದ ಹಾಗೆ "ಭುಸ್" ಎಂದಿತು. ಮುಖಕ್ಕೆ ಬಿಸಿ ಮರಳು ಎರಚಿದ ಅನುಭವ. ಮ್ಯಾಗಜೀನು ತಾನಾಗಿಯೇ ಕಳಚಿ ಮೊಣಕೈಯ ಪಕ್ಕ ಬಿತ್ತು. ನಾನು ಕೆಲವು ಕ್ಷಣ ಗುರಿಹಲಗೆಯನ್ನೇ ನೋಡುತ್ತಿದ್ದೆ, ಎಲ್ಲಿ ತಗುಲಿತು ಎಂದು. ಆಮೇಲೆ ರೈಫಲಿನ ಹಿಡಿಯ ಮೇಲೆ ಒಂದು ಕೆಂಪು ಹನಿ ಬಿತ್ತು, ಅದರ ಪಕ್ಕ ಇನ್ನೊಂದು. ಪಕ್ಕದಲ್ಲಿದ್ದ ಗೆಳೆಯ "ಕೈ ತೆಗಿ, ಟ್ರಿಗರಿನಿಂದ ಕೈ ತೆಗಿ" ಎಂದು ಕೂಗಿದ್ದು ಕಿವಿಗವಸಿನೊಳಗೆ ಎಲ್ಲೋ ದೂರದಿಂದ ಕೇಳಿಸಿತು.

ಕನ್ನಡಕ ತೆಗೆದು ನೋಡಿದರೆ ಬಲಗಡೆಯ ಗಾಜಿನಲ್ಲಿ ಏಳು ಚುಕ್ಕಿಗಳು, ಕಣ್ಣುಪಾಪೆಯ ನೇರಕ್ಕೆ ಒಂದು. ಅದು ನನ್ನ ವಿವೇಕದಿಂದ ಹಾಕಿಕೊಂಡ ಕನ್ನಡಕವಲ್ಲ. ರಕ್ಷಣಾ ಕನ್ನಡಕವಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ಮೈದಾನದ ಮೇಲ್ವಿಚಾರಕರು ಪ್ರತಿ ಸಲವೂ ಹಟ ಹಿಡಿಯುತ್ತಿದ್ದರು, ನಾನು ಪ್ರತಿ ಸಲವೂ ಗೊಣಗುತ್ತಾ ಹಾಕಿಕೊಳ್ಳುತ್ತಿದ್ದೆ.

ಇಲ್ಲಿ ಎಡಗೈಯವರಿಗೆ ಒಂದು ಮಾತು. ನಾನು ಎಡಚ. ಹೆಚ್ಚಿನ ರೈಫಲುಗಳಲ್ಲಿ ಖಾಲಿ ತೋಟಾ ಹೊರಬೀಳುವ ಕಿಟಕಿ ಬಲಬದಿಯಲ್ಲಿರುತ್ತದೆ. ಬಲಗೈಯವರ ಮುಖ ಹಿಡಿಯ ಎಡಬದಿಗೆ ಇರುವುದರಿಂದ ಸಿಡಿದದ್ದು ಬಹುಮಟ್ಟಿಗೆ ಆಚೆ ಹೋಗುತ್ತದೆ. ಎಡಗೈಯವರ ಮುಖವಾದರೋ ಆ ಕಿಟಕಿಯ ಹಿಂದೆಯೇ. ಗುರಿ ನೋಡುವುದು ಎಡಗಣ್ಣು, ಕಿಟಕಿಗೆ ಒಡ್ಡಿಕೊಂಡಿರುವುದು ಬಲಗಣ್ಣು. ಎಡಚರು ಎಡಕ್ಕೆ ಹೊರಹಾಕುವ ರೈಫಲನ್ನು ಹುಡುಕಿ, ಸಿಗದಿದ್ದರೆ ಬೋಲ್ಟಿನದನ್ನೇ ಕೊಳ್ಳಿ.

ರೈಫಲನ್ನು ಬಂದೂಕು ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಒಯ್ದೆ. ಅವರು ಮೊದಲು ಮಾಡಿದ್ದು ನಳಿಗೆಯೊಳಗೆ ಸಲಾಕೆ ಇಳಿಸಿ ಗುಂಡು ಅಲ್ಲೇ ಸಿಕ್ಕಿಕೊಂಡಿದೆಯೇ ಎಂದು ನೋಡಿದ್ದು. ಇರಲಿಲ್ಲ. ಇದ್ದಿದ್ದರೆ, ನಾನು ಅದರ ಹಿಂದೆ ಇನ್ನೊಂದನ್ನು ಹೊಡೆದಿದ್ದರೆ, ಈ ಬರಹವೇ ಬೇರೆಯಾಗಿರುತ್ತಿತ್ತು. ಆಮೇಲೆ ಬೋಲ್ಟ್ ಬಿಚ್ಚಿ, ಟಾರ್ಚು ಹಿಡಿದು, ಕಿವಿ ಒರೆಸುವ ಹತ್ತಿಕಡ್ಡಿಯೊಂದನ್ನು ಚೇಂಬರಿನ ಬಾಯಿಗೆ ಹಾಕಿ ಮೆಲ್ಲಗೆ ತಿರುಗಿಸಿದರು. ಮುಕ್ಕಾಲು ಸುತ್ತು ನುಣ್ಣಗೆ ಹೋಯಿತು, ಒಂದು ಕಡೆ ತಟ್ಟನೆ ನಿಂತಿತು. ಹೊರತೆಗೆದರೆ ಆ ಜಾಗದಲ್ಲಿ ಹತ್ತಿಯ ಎಳೆಗಳು ಕಿತ್ತು ನಿಂತಿದ್ದವು. "ನಿಮ್ಮ ಉಗುರಿನಿಂದ ಮುಟ್ಟಿ ನೋಡಿ" ಎಂದರು. ಉಗುರು ಕಚ್ಚಿನೊಳಗೆ ಇಳಿದು ಸಿಕ್ಕಿಕೊಂಡಿತು.

ಒಡೆದ ತೋಟಾವನ್ನು ಬೆಳಕಿಗೆ ಹಿಡಿದು ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪಿನ್ನಿನ ಏಟಿಗೆ ಜಜ್ಜಿಹೋಗಬೇಕಾದ್ದರಿಂದ .22 ತೋಟಾದ ತಳದ ಹಿತ್ತಾಳೆ ತೆಳುವಾಗಿಯೇ ಇರಬೇಕು. ಅದರೊಳಗಿನ ಒತ್ತಡ ಮಾತ್ರ ಚಿಕ್ಕದಲ್ಲ. ಗರಿಷ್ಠ ಮಿತಿ ಚದರ ಅಂಗುಲಕ್ಕೆ 24,000 ಪೌಂಡ್, ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 1,600 ಪಟ್ಟು. ತೋಟಾವನ್ನು ಸುತ್ತಲೂ ಚೇಂಬರು, ಹಿಂದಿನಿಂದ ಬೋಲ್ಟು ಬಿಗಿಹಿಡಿದಿದ್ದರೆ ಮಾತ್ರ ಅದು ತಡೆಯುತ್ತದೆ. ನನ್ನ ರೈಫಲಿನಲ್ಲಿ ಆ ಉಬ್ಬಿಗೆ ತಗುಲಿ, ಗುಂಡಿಗೆ ಸವರಿದ ಮೇಣ ಮತ್ತು ಮಸಿಯ ಗಸಿಯೂ ಸೇರಿ, ತೋಟಾ ಪೂರ್ತಿ ಒಳಗೆ ಕೂರಲಿಲ್ಲ. ಬೋಲ್ಟ್ ಹಿಂದೆಯೇ ಉಳಿಯಿತು, ಆದರೂ ಪಿನ್ ಅಂಚಿಗೆ ತಲುಪಿತು. ಆಸರೆಯಿಲ್ಲದ ಕಡೆ ಹಿತ್ತಾಳೆ ಬಲೂನಿನಂತೆ ಉಬ್ಬಿ ಒಡೆಯಿತು.

ಅಗ್ಗದ ಸೆಮಿ ಆಟೊಮ್ಯಾಟಿಕ್‌ಗೂ ಅಗ್ಗದ ಬೋಲ್ಟ್ ರೈಫಲಿಗೂ ನಾನು ಕಾಣುವ ವ್ಯತ್ಯಾಸ ಇರುವುದು ಇಲ್ಲಿಯೇ. ಸಾಮಾನ್ಯ .22 ಸೆಮಿ ಆಟೊಮ್ಯಾಟಿಕ್‌ನಲ್ಲಿ ಬೋಲ್ಟಿಗೆ ಚಿಲಕವಿಲ್ಲ. ಅದರ ಸ್ವಂತ ತೂಕ, ಹಿಂದಿನ ಸ್ಪ್ರಿಂಗು, ಇಷ್ಟೇ ಅದನ್ನು ಮುಚ್ಚಿ ಹಿಡಿಯುವುದು. ತೋಟಾ ಸರಿಯಾಗಿ ಕೂತಿದೆಯೋ ಇಲ್ಲವೋ ನಿಮ್ಮ ಕೈಗೆ ತಿಳಿಯುವುದೇ ಇಲ್ಲ, ಎಲ್ಲವೂ ಕಣ್ಣೆವೆ ಮುಚ್ಚುವುದರೊಳಗೆ ಮುಗಿದಿರುತ್ತದೆ. ಬೋಲ್ಟಿನ ರೈಫಲಿನಲ್ಲಿ ತೋಟಾ ಕೂರದಿದ್ದರೆ ಹಿಡಿಕೆ ಕೆಳಗೆ ಇಳಿಯುವುದಿಲ್ಲ. ಏನೋ ಅಡ್ಡ ಬಂದಿದೆ ಎಂದು ಅಂಗೈಗೇ ಗೊತ್ತಾಗುತ್ತದೆ. ಇದರರ್ಥ ಸೆಮಿ ಆಟೊಮ್ಯಾಟಿಕ್ ಕೆಟ್ಟದ್ದೆಂದಲ್ಲ, ಒಳ್ಳೆಯ ಸ್ಥಿತಿಯಲ್ಲಿರುವವು ಸಾವಿರಾರು ಈಡು ತಕರಾರಿಲ್ಲದೆ ನಡೆಯುತ್ತವೆ. ಆದರೆ ಬಳಸಿದ ಅಗ್ಗದ ರೈಫಲನ್ನು ಪರೀಕ್ಷಿಸಲು ಬರದವನು, ಅಂದರೆ ಅಂದಿನ ನಾನು, ಅದನ್ನು ಕೊಳ್ಳಬಾರದಾಗಿತ್ತು.

ಅದೇ ಹತ್ತಿಕಡ್ಡಿಯನ್ನು ಅವರು ನಳಿಗೆಯ ಮುಂತುದಿಯ ಮೇಲೂ ಎಳೆದರು. ಅಲ್ಲಿಯೂ ಎಳೆ ಸಿಕ್ಕಿತು. ಹಿಂದಿನ ಮಾಲೀಕ ಉಕ್ಕಿನ ಸಲಾಕೆಯನ್ನು ಮುಂದಿನಿಂದ ತೂರಿಸಿ ತಿಕ್ಕಿ ತಿಕ್ಕಿ ಬಾಯಂಚನ್ನು ಒಂದು ಕಡೆ ಸವೆಸಿದ್ದ. ಗುಂಡು ಹೊರಡುವಾಗ ಕೊನೆಗೆ ಮುಟ್ಟುವುದು ಆ ಅಂಚನ್ನು. ಅದು ಒಂದು ಕಡೆ ಸವೆದಿದ್ದರೆ ಹಿಂದಿನ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. 50 ಮೀಟರಿನಲ್ಲಿ ನನ್ನ ಐದು ಈಡು ಅಂಗೈಯಗಲಕ್ಕೆ ಚೆದುರುತ್ತಿದ್ದುದಕ್ಕೆ ನನ್ನ ಉಸಿರಾಟ, ನನ್ನ ನಡುಕ ಎಂದೆಲ್ಲ ಕೊರಗಿದ್ದೆ. ಅದೇ ದೂರದ ಒಲಿಂಪಿಕ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರು. ಅದನ್ನು ನೋಡಿ ನಿಟ್ಟುಸಿರು ಬಿಟ್ಟ ಸಂಜೆಗಳೆಷ್ಟೋ!

ಇನ್ನು ಜೊತೆಗೆ ಬಂದ ದುರ್ಬೀನು. ಅದು ದೊಡ್ಡ ರೈಫಲಿಗೆಂದು ಮಾಡಿದ್ದು, 100 ಗಜಕ್ಕೆ ಹೊಂದಿಸಿದ್ದು. ಹತ್ತಿರದ ಗುರಿಯಲ್ಲಿ ಕಣ್ಣು ಕೊಂಚ ಸರಿದರೂ ಅಡ್ಡಗೀಟು ಗುರಿಯ ಮೇಲೆ ತೇಲಾಡುತ್ತಿತ್ತು. ಉಚಿತದ ಬಗ್ಗೆ ಇಷ್ಟು ಸಾಕು.

ಆದ್ದರಿಂದ ಬಳಸಿದ .22 ನೋಡಲು ಹೋಗುವವರು ಒಂದು ಟಾರ್ಚು, ನಾಲ್ಕು ಹತ್ತಿಕಡ್ಡಿ ಕಿಸೆಯಲ್ಲಿಟ್ಟುಕೊಳ್ಳಿ. ಬೋಲ್ಟ್ ಬಿಚ್ಚಿ ತೋರಿಸಲು ಹೇಳಿ. ಹಿಂದೇಟು ಹಾಕಿದರೆ ಅಲ್ಲಿಂದಲೇ ಹೊರಡಿ. ಪಿನ್ ಬೀಳುವ ಜಾಗದಲ್ಲಿ ಚೇಂಬರಿನ ಅಂಚನ್ನು ನೋಡಿ, ಕಡ್ಡಿ ತಿರುಗಿಸಿ. ಟ್ರಿಗರ್ ಹೇಗಿದೆಯೆಂದು ತಿಳಿಯಲೇಬೇಕಿದ್ದರೆ ಒಳಗೆ ಅಣಕು ತೋಟಾ ಇಟ್ಟು ಒತ್ತಿ. ಹೊಡೆದು ಮುಗಿದ ಖಾಲಿ ತೋಟಾವೂ ಆದೀತು, ಆದರೆ ಪ್ರತಿ ಸಲ ಅದನ್ನು ತಿರುಗಿಸಿ ಹೊಸ ಅಂಚನ್ನು ಪಿನ್ನಿಗೆ ಒಡ್ಡಬೇಕು. ಮಾರುವವರು ನಿಮ್ಮೆದುರು ಖಾಲಿ ಟಿಕ್‌ಟಿಕ್ ಮಾಡಿ ತೋರಿಸಿದರೆ, ಎಲ್ಲರಿಗೂ ಹಾಗೆಯೇ ತೋರಿಸಿದ್ದಾರೆ ಎಂದು ತಿಳಿಯಿರಿ.

ನಳಿಗೆಯ ಮೇಲೆ ಕೆತ್ತಿರುವುದನ್ನೂ ಓದಿ. ".22 ಅಂದರೆ .22 ತಾನೇ" ಎಂದು ಗೆಳೆಯ ನನ್ನ ತೋಟಾ ಡಬ್ಬಿಯನ್ನು ತನ್ನ .22 ಮ್ಯಾಗ್ನಮ್ ರೈಫಲಿಗೆ ಕೇಳಿದ್ದ. 1887ರಿಂದ ಬಂದಿರುವ, ನಾನು ಬಳಸುವ ಲಾಂಗ್ ರೈಫಲ್ ಎಂಬ ತೋಟಾ ಬೇರೆ, 1959ರಲ್ಲಿ ಬಂದ ಮ್ಯಾಗ್ನಮ್ ಬೇರೆ. ಮ್ಯಾಗ್ನಮ್ ತೋಟಾ ದಪ್ಪ, ಅದು ಲಾಂಗ್ ರೈಫಲಿನ ಚೇಂಬರಿಗೆ ಹೋಗುವುದೇ ಇಲ್ಲ. ಅಪಾಯವಿರುವುದು ಇದರ ತಿರುವುಮುರುವಿನಲ್ಲಿ. ಲಾಂಗ್ ರೈಫಲ್ ತೋಟಾ ಮ್ಯಾಗ್ನಮ್ ಚೇಂಬರಿನೊಳಗೆ ಸಡಿಲವಾಗಿ ಜಾರಿ ಕೂರುತ್ತದೆ, ಹೊಡೆದರೆ ಸುತ್ತ ಆಸರೆಯಿಲ್ಲದೆ ಒಡೆಯುತ್ತದೆ. ನನಗಾದದ್ದೇ, ಬೇರೆ ದಾರಿಯಿಂದ.

ಆ ಹಿರಿಯರು ಚೇಂಬರಿಗೆ ಗಟ್ಟಿ ಉಕ್ಕಿನ ಮೊಳೆಯಂಥ ಸಾಧನವನ್ನು ಇಳಿಸಿ ಉಬ್ಬನ್ನು ಹಿಂದಕ್ಕೆ ಒತ್ತಿ ಸಮ ಮಾಡಿಕೊಟ್ಟರು, ನಳಿಗೆಯ ಮುಂತುದಿಯ ಬಾಯಂಚನ್ನು ಹೊಸದಾಗಿ ಕಡೆದರು, ಪಿನ್ ಬದಲಿಸಿದರು. ರೈಫಲ್ ಈಗ ನಡೆಯುತ್ತದೆಯಂತೆ. "ಯಂತೆ" ಎಂದೆ, ಏಕೆಂದರೆ ಆಮೇಲೆ ನಾನು ಅದನ್ನು ಭುಜಕ್ಕೆ ಏರಿಸಿಲ್ಲ. ಬಲಗೈಯವನಾದ ಗೆಳೆಯ ಹೊಡೆಯುತ್ತಾನೆ. ನಾನು ಆ ಬೋಳು ಬೋಲ್ಟಿನ ರೈಫಲನ್ನೇ ಕೊಂಡೆ, ದುರ್ಬೀನಿಲ್ಲದೆ. ಕಳೆದ ವಾರ ನಾಲ್ಕು ಬಗೆಯ ತೋಟಾಗಳನ್ನು ಅದರಲ್ಲಿ ಹೊಡೆದು ನೋಡಿದೆ. ಅತಿ ವೇಗದ್ದೆಂದು ಡಬ್ಬಿಯ ಮೇಲೆ ಬೊಬ್ಬೆ ಹೊಡೆಯುತ್ತಿದ್ದುದು ಎಲ್ಲಕ್ಕಿಂತ ಹೆಚ್ಚು ಚೆದುರಿತು. ಶಬ್ದಕ್ಕಿಂತ ನಿಧಾನವಾಗಿ ಹೋಗುವ ಸಾದಾ ತೋಟಾದ ಐದು ಈಡು ಒಂದು ನಾಣ್ಯದ ಕೆಳಗೆ ಅಡಗಿದವು. ಆ ಕಾಗದವನ್ನು ಎತ್ತಿಟ್ಟುಕೊಂಡಿದ್ದೇನೆ, ಏಳು ಚುಕ್ಕಿಯ ಕನ್ನಡಕದ ಜೊತೆಗೆ.