ಸಾಂಚಿಯ ಗೈಡ್ ಸೇವೆ: ಮೂರನೆಯ ಸ್ತೂಪಕ್ಕಾಗಿಯಾದರೂ ಪಡೆಯಿರಿ

ಸಾಂಚಿಗೆ ಬರುವವರಲ್ಲಿ ಹೆಚ್ಚಿನವರು ಮಹಾಸ್ತೂಪದ ನಾಲ್ಕು ತೋರಣಗಳನ್ನು ನೋಡಿ, ಫೋಟೊ ತೆಗೆದುಕೊಂಡು ಬೆಟ್ಟ ಇಳಿಯುತ್ತಾರೆ. ಬುದ್ಧನ ಅಗ್ರಶ್ರಾವಕರಾದ (ಪ್ರಧಾನ ಶಿಷ್ಯರಾದ) ಸಾರಿಪುತ್ತ ಮತ್ತು ಮಹಾಮೊಗ್ಗಲ್ಲಾನರ ಅಸ್ಥಿಗಳು ದೊರೆತದ್ದು ಅದರ ಸಮೀಪದಲ್ಲೇ ಇರುವ, ಒಂದೇ ತೋರಣದ ಮೂರನೆಯ ಸ್ತೂಪದಲ್ಲಿ. ನಾವು ಗೊತ್ತುಮಾಡಿಕೊಂಡ ಗೈಡ್ ಆ ಚಿಕ್ಕ ಸ್ತೂಪದ ಮುಂದೆಯೇ ಹೆಚ್ಚು ಹೊತ್ತು ನಿಂತು ವಿವರಿಸಿದರು. ಈ ಸೇವೆಯನ್ನು ನಾನು ಮನಸಾರೆ ಮೆಚ್ಚಲು ಅದೇ ಕಾರಣ.

1851ರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳಾದ ಕನಿಂಗ್‌ಹ್ಯಾಮ್ ಮತ್ತು ಮೈಸಿ ಈ ಸ್ತೂಪವನ್ನು ತೆರೆದಾಗ ಎರಡು ಕಲ್ಲಿನ ಪೆಟ್ಟಿಗೆಗಳು ಸಿಕ್ಕವು. ಮುಚ್ಚಳಗಳ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಇಬ್ಬರ ಹೆಸರುಗಳಿದ್ದವು. ಒಳಗಿದ್ದ ಬಳಪದ ಕಲ್ಲಿನ ಕರಂಡಕಗಳ (ಅಸ್ಥಿ ಇಡುವ ಚಿಕ್ಕ ಭರಣಿಗಳ) ಮುಚ್ಚಳದ ಒಳಬದಿಯಲ್ಲಿ, ಒಂದಕ್ಕೆ 'ಸ', ಇನ್ನೊಂದಕ್ಕೆ 'ಮ' ಎಂದು ಶಾಯಿಯಲ್ಲಿ ಬರೆದಿತ್ತು. ಸಾರಿಪುತ್ತನ ಪೆಟ್ಟಿಗೆ ದಕ್ಷಿಣಕ್ಕೆ, ಮೊಗ್ಗಲ್ಲಾನನದು ಉತ್ತರಕ್ಕೆ. ಪೂರ್ವಾಭಿಮುಖವಾಗಿ ಕುಳಿತ ಬುದ್ಧನ ಬಲಕ್ಕೂ ಎಡಕ್ಕೂ ಈ ಇಬ್ಬರ ಸ್ಥಾನವೆಂಬ ನಂಬಿಕೆಗೆ ಇದು ಹೊಂದುತ್ತದೆ ಎಂದು ಗೈಡ್ ದಿಕ್ಕು ತೋರಿಸಿ ಹೇಳಿದರು. ಮೊದಲು ಸತ್ಯ ಕಂಡವನು ಇನ್ನೊಬ್ಬನಿಗೆ ತಿಳಿಸಬೇಕೆಂದು ಮಾತು ಕೊಟ್ಟುಕೊಂಡಿದ್ದ ಈ ಬಾಲ್ಯದ ಗೆಳೆಯರು ಅರಹಂತರಾಗಿ (ಬಂಧನಗಳಿಂದ ಪೂರ್ಣ ಮುಕ್ತರಾಗಿ), ಬುದ್ಧನಿಗಿಂತ ಮೊದಲೇ ನಿರ್ವಾಣ ಹೊಂದಿದ ಕಥೆಯನ್ನು ಅವರು ಅಲ್ಲಿಯೇ, ಎಲ್ಲಿಯೂ ಉಬ್ಬಿಸದೆ ಹೇಳಿದ್ದು ನನಗೆ ಬಹಳ ಹಿಡಿಸಿತು.

ಲಂಡನ್ನಿಗೆ ಹೋಗಿದ್ದ ಧಾತುಗಳು, ಅಂದರೆ ಈ ಇಬ್ಬರ ಅಸ್ಥಿಗಳು, ಮರಳಿ ಬಂದು 1952ರಲ್ಲಿ ಇಲ್ಲಿನ ಚೇತಿಯಗಿರಿ ವಿಹಾರದಲ್ಲಿ ನೆಲೆಗೊಂಡವು. ನವೆಂಬರ್ ಕೊನೆಯ ಉತ್ಸವದ ಹೊರತು ಅವುಗಳ ದರ್ಶನ ಸಾಮಾನ್ಯವಾಗಿ ಸಿಗುವುದಿಲ್ಲವೆಂದು ಗೈಡ್ ಹಣದ ಮಾತಿಗೆ ಮುಂಚೆಯೇ ತಿಳಿಸಿದ್ದರು. ಆ ಪ್ರಾಮಾಣಿಕತೆಗೆ ನಾನು ಬೆಲೆ ಕೊಡುತ್ತೇನೆ.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಬೆಟ್ಟದ ಪಶ್ಚಿಮದ ಇಳಿಜಾರಿನಲ್ಲಿರುವ ಎರಡನೆಯ ಸ್ತೂಪ ಅವರ ಸುತ್ತಾಟದಲ್ಲಿ ಸೇರಿರಲಿಲ್ಲ. ನಾವು ಕೇಳಿದ ಮೇಲೂ ಮೆಟ್ಟಿಲು ಬಹಳ ಎಂದು ಹಿಂಜರಿದರು. ಹಿಮವಂತಕ್ಕೆ (ಹಿಮಾಲಯ ಪ್ರದೇಶಕ್ಕೆ) ಧರ್ಮಪ್ರಚಾರಕ್ಕೆ ಹೋದರೆಂದು ಸಿಂಹಳದ (ಶ್ರೀಲಂಕೆಯ) ವಂಶಕಥೆಗಳು ಹೇಳುವ ಕಸ್ಸಪಗೊತ್ತ, ಮಜ್ಝಿಮರೂ ಸೇರಿದಂತೆ ಹತ್ತು ಆಚಾರ್ಯರ ಅಸ್ಥಿಗಳು ಸಿಕ್ಕಿದ್ದು ಅಲ್ಲಿಯೇ. ಶಿಷ್ಯಪರಂಪರೆಯ ಆಸಕ್ತಿಯಿಂದ ಬಂದವರಿಗೆ ಇದು ಬಿಡಬಹುದಾದ ಜಾಗವಲ್ಲ. ಆದ್ದರಿಂದ ಶುಲ್ಕ ನಿಗದಿಪಡಿಸುವಾಗಲೇ ಎರಡನೆಯ ಸ್ತೂಪವನ್ನೂ ಸೇರಿಸಿ ಮಾತಾಡಿಕೊಳ್ಳಿ. ಬಿಸಿಲೇರುವ ಮುನ್ನ ಮೊದಲು ಅಲ್ಲಿಗೆ ಇಳಿದು, ಆಮೇಲೆ ಮೇಲಿನವನ್ನು ನೋಡುವುದು ಒಳ್ಳೆಯದು.