ಬೂರೆನ್‌ಕಾಸ್‌ಗೇ ನನ್ನ ಮತ, ಆದರೆ ಹದಿನೆಂಟು ತಿಂಗಳದ್ದಕ್ಕಲ್ಲ

ಅಮುಲ್ ಡಬ್ಬಿಯ ಮುಚ್ಚಳ ತೆರೆಯುವ ಸದ್ದಿಗೇ ಅಡುಗೆಮನೆಗೆ ಓಡುತ್ತಿದ್ದ ಬಾಲ್ಯದಿಂದಲೂ ಚೀಸ್ ನನ್ನ ದೌರ್ಬಲ್ಯ. ಇದನ್ನು ಗಿಣ್ಣು ಎಂದು ಕನ್ನಡಿಸುವವರಿದ್ದಾರೆ. ಈದ ಹಸುವಿನ ಮೊದಲ ಹಾಲಿನ ಗಿಣ್ಣು ತಿಂದು ಬೆಳೆದ ನನಗೆ ಅದು ಒಪ್ಪುವುದಿಲ್ಲ. ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ನೆಲೆಸಿದ ಮೇಲೆ ಈ ಚಟ ದುಬಾರಿಯಾಯಿತು. ಈ ಚಳಿಗಾಲ ಸೂಪರ್‌ಮಾರ್ಕೆಟ್ಟಿನ ಹಳೆಯ ಗೌಡಾ ಚೀಸ್, ಹಾಲು ಕರೆಯುವ ರೈತರ ಮನೆಯಲ್ಲೇ ತಯಾರಾಗುವ ಬೂರೆನ್‌ಕಾಸ್ ಮತ್ತು ಜೀರಿಗೆ ಬೆರೆಸಿದ ಲೈಡನ್ ಚೀಸನ್ನು ಪಕ್ಕಪಕ್ಕದಲ್ಲಿಟ್ಟು ತಿಂದು ನೋಡಿದೆ.

ಗೆದ್ದದ್ದು ಬೂರೆನ್‌ಕಾಸ್ ಎಂಬುದರಲ್ಲಿ ನನಗೆ ಮೊದಲಿನಿಂದಲೂ ಅನುಮಾನವಿರಲಿಲ್ಲ. 2007ರಿಂದ ಯುರೋಪಿನಲ್ಲಿ ರಕ್ಷಣೆ ಪಡೆದಿರುವ ಈ ಹೆಸರಿನಲ್ಲಿ ಮಾರುವ ಚೀಸಿಗೆ ಹಸಿ ಹಾಲನ್ನೇ ಬಳಸಬೇಕು. ಕಾರ್ಖಾನೆಯ ಗೌಡಾದಲ್ಲಿ ಉಪ್ಪು ಮತ್ತು ಸಿಹಿ ಒಟ್ಟಿಗೇ ಬಂದು ಒಟ್ಟಿಗೇ ಮುಗಿದುಹೋಗುತ್ತವೆ. ಬೂರೆನ್‌ಕಾಸ್‌ನಲ್ಲಿ ಬೆಣ್ಣೆ ಕಾಸಿದ ಪಾತ್ರೆಯ ತಳದ ಕಂದು ಗಸಿಯ ರುಚಿ ನುಂಗಿದ ಮೇಲೂ ನಾಲಿಗೆಯ ಮೇಲೆ ನಿಲ್ಲುತ್ತದೆ.

ಎಡವಿದ್ದು ವಯಸ್ಸಿನ ಆಯ್ಕೆಯಲ್ಲಿ. ಹಳೆಯದಾದಷ್ಟೂ ಒಳ್ಳೆಯದೆಂದು ಭಾವಿಸಿ, ಹದಿನೆಂಟು ತಿಂಗಳು ಮಾಗಿದ್ದನ್ನು ಒಂದೂವರೆ ಕಿಲೋ ತಂದೆ. ಇಲ್ಲಿನ ಮನೆಗಳಲ್ಲಿ ಚೀಸನ್ನು ಚಾಕುವಿನಿಂದ ಕತ್ತರಿಸುವುದಕ್ಕಿಂತ ಹೆರೆಯುವುದೇ ಹೆಚ್ಚು. ಅದಕ್ಕೆ ಬಳಸುವ ಸೀಳುಬಾಯಿಯ ಅಲಗನ್ನು 1925ರಲ್ಲಿ ನಾರ್ವೆಯ ಬಡಗಿಯೊಬ್ಬ ಉಜ್ಜುಗೊರಡಿನ ಮಾದರಿಯಲ್ಲಿ ರೂಪಿಸಿದ. ಮೆದು ಚೀಸಿನ ಮೇಲೆ ಅದು ಕಾಗದದಂಥ ಪದರ ಎಬ್ಬಿಸುತ್ತದೆ. ನನ್ನ ತುಂಡಿನ ಮೇಲೆ ಎರಡು ಬೆರಳಿನಷ್ಟು ಸರಿದು ಸಿಕ್ಕಿಕೊಂಡಿತು. ಒತ್ತಿದಾಗ ಚೀಸ್ ಬಿರುಕುಬಿಟ್ಟು ಉದುರಿ, ಬ್ರೆಡ್ಡಿನ ಮೇಲಿಗಿಂತ ಮೇಜಿನ ಮೇಲೆ ಹೆಚ್ಚು ಬಿತ್ತು.

ಬೆಳಿಗ್ಗೆ ಏಳೂಕಾಲರ ರೈಲು ಹಿಡಿಯಬೇಕಾದವನಿಗೆ ಈ ಪುಡಿ ಬಳಿಯುವ ಕೆಲಸ ಮೂರು ವಾರ ತಪ್ಪಲಿಲ್ಲ. ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ತೆಗೆದಿಟ್ಟರೂ ಅಷ್ಟಕ್ಕಷ್ಟೇ. ಒಳಗಿನ ಬಿಳಿ ಚುಕ್ಕೆಗಳನ್ನು ಬೂಷ್ಟೆಂದು ತಿಳಿದು ಮೊದಲ ದಿನ ಕೆರೆದು ಎಸೆದದ್ದು ಇನ್ನೊಂದು ದಡ್ಡತನ. ಅವು ಪ್ರೋಟೀನು ಒಡೆದಾಗ ಕಟ್ಟುವ ಟೈರೋಸಿನ್ ಹರಳುಗಳು. ಹಲ್ಲಿಗೆ ಸಿಕ್ಕರೆ ಹುರಿದ ರವೆಯಂತೆ ಕರಕರ ಎನ್ನುತ್ತವೆ. ಈಗ ಅವುಗಳನ್ನೇ ಹುಡುಕಿ ತಿನ್ನುತ್ತೇನೆ.

ಲೈಡನ್ ಚೀಸಿಗೆ ಕೆನೆ ತೆಗೆದ ಹಾಲು ಬಳಸುವುದರಿಂದ ಅದು ತುಸು ಒಣಕಲು. ಜೀರಿಗೆಯ ಘಮ ಮನೆಯ ನೆನಪು ತರುವುದು ನಿಜ, ಆದರೆ ನಾಲ್ಕನೆಯ ಚೂರಿಗೆ ಜೀರಿಗೆಯಷ್ಟೇ ಉಳಿದು ಚೀಸ್ ಮರೆಯಾಗುತ್ತದೆ.

ಸಸ್ಯಾಹಾರಿಗಳು ಹೆಪ್ಪಿಗೆ ಬಳಸಿದ ರೆನೆಟ್ ಎಂಬ ಕಿಣ್ವ ಕರುವಿನ ಹೊಟ್ಟೆಯದೋ ಅಲ್ಲವೋ ಎಂದು ಕೇಳಿಯೇ ಕೊಳ್ಳಬೇಕು. ಅಮ್ಮ ಬಂದಾಗ ನಾನು ಹಾಗೆಯೇ ಮಾಡುತ್ತೇನೆ.

ಬೆಲೆಯಲ್ಲಿ ಗೌಡಾ ಕಿಲೋಗೆ 12 ಯೂರೋ ಆದರೆ ಬೂರೆನ್‌ಕಾಸ್‌ಗೆ 18 ಕೊಟ್ಟೆ. ವಾರಕ್ಕೆ 300 ಗ್ರಾಂ ಮುಗಿಸುವ ನನಗೆ ಎರಡು ಯೂರೋದಷ್ಟೂ ಹೆಚ್ಚಾಗದು. ಆದ್ದರಿಂದ ಶನಿವಾರದ ಸಂತೆಯಲ್ಲಿ ಐದು ತಿಂಗಳ ಬೂರೆನ್‌ಕಾಸನ್ನು ಅಷ್ಟೇ ತೂಕ ಮಾಡಿಸಿ ತರುತ್ತೇನೆ; ಅಲಗು ಅದರ ಮೇಲೆ ತಡೆಯಿಲ್ಲದೆ ಸರಿಯುತ್ತದೆ.