18 ಇಂಚಿನ ಬೌರಾನ್ ಸೆಟ್: ಬಲಗೈಗೆ ಸಾಕು, ಎಡಗೈಗೆ ಸಾಲದು

ಬೌರಾನ್ ಎಂಬ ಐರಿಷ್ ಡ್ರಮ್ ಕಲಿಯಬೇಕೆಂದು ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಈ ಸೆಟ್ಟೇ. ಡಬ್ಲಿನ್ನಿನ ಸಂಗೀತ ವಾದ್ಯದ ಅಂಗಡಿಯಲ್ಲೂ ಅದು, ಪ್ರವಾಸಿಗರಿಗೆ ಟೀ ಶರ್ಟು, ಕೀಚೈನು ಮಾರುವ ಅಂಗಡಿಯಲ್ಲೂ ಅದು, ಆನ್‌ಲೈನಿನಲ್ಲೂ ಅದೇ. ತಯಾರಕರ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: 18 ಇಂಚು ಅಗಲ, ಮೂರೂವರೆ ನಾಲ್ಕು ಇಂಚು ಆಳದ ಮರದ ಚೌಕಟ್ಟು, ಒಂದು ಬದಿಗೆ ಮೇಕೆ ಚರ್ಮ, ಹಿಂಬದಿಗೆ ಅಡ್ಡಪಟ್ಟಿ, ಬಾರಿಸಲು ಒಂದು ಟಿಪ್ಪರ್ ಎಂಬ ಪುಟ್ಟ ಕೋಲು, ಒಂದು ಚೀಲ, ಒಂದು ಕಲಿಕೆಯ ಪುಸ್ತಿಕೆ. ಬೆಲೆ ಸಾಮಾನ್ಯವಾಗಿ ನೂರು ಯೂರೋ ಆಸುಪಾಸು. ಚರ್ಮದ ಮೇಲೆ ಕೆಲ್ಟಿಕ್ ಗಂಟಿನ ಚಿತ್ತಾರ ಬಿಡಿಸಿದ್ದರೆ ಇನ್ನಷ್ಟು. ಆ ಚಿತ್ತಾರದಿಂದ ದನಿಗೆ ಏನೂ ಸಿಗುವುದಿಲ್ಲ. ಬಣ್ಣ ದಪ್ಪಗಿದ್ದರೆ ಟಿಪ್ಪರ್ ಉಜ್ಜುವ ಜಾಗದಲ್ಲಿ ಸದ್ದು ಮಂಕಾಗುತ್ತದೆ, ಕೆಲವು ತಿಂಗಳಲ್ಲಿ ಬಣ್ಣವೂ ಕಿತ್ತು ಬರುತ್ತದೆ.

ಇದರಲ್ಲಿ ಲಯ ಕಲಿಯಬಹುದೇ? ಬಲಗೈ ಕೆಲಸವನ್ನೆಲ್ಲ ಕಲಿಯಬಹುದು. ಎಡಗೈ ಕೆಲಸ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಮತ್ತು ಸೆಟ್ಟಿನಲ್ಲಿ ಮೊದಲು ಬದಲಿಸಬೇಕಾದದ್ದು ಡ್ರಮ್ ಅಲ್ಲ, ಟಿಪ್ಪರ್.

ಕೊಟ್ಟಿರುವ ಟಿಪ್ಪರ್ ಬಹುತೇಕ ಗಟ್ಟಿ ಮರದ್ದು, ಎರಡೂ ತುದಿಗೆ ದಪ್ಪ ಗುಂಡು. ನೋಡಲು ಚೆಂದ, ಕೈಗೆ ಭಾರ. ಭಾರದ ಟಿಪ್ಪರ್ ಹಿಡಿದವರು ಮಣಿಕಟ್ಟು ತಿರುಗಿಸುವ ಬದಲು ಇಡೀ ತೋಳನ್ನು ಬೀಸತೊಡಗುತ್ತಾರೆ, ಆ ಅಭ್ಯಾಸ ಬಿಡಿಸುವುದು ಆಮೇಲೆ ಬಲು ಕಷ್ಟ. 20ರಿಂದ 24 ಸೆಂಟಿಮೀಟರ್ ಉದ್ದದ, ತೆಳ್ಳಗಿನ, ನಡುವಿಗೆ ಬೆರಳಿಟ್ಟರೆ ಎರಡೂ ಕಡೆ ಸಮವಾಗಿ ತೂಗುವ ಒಂದು ಟಿಪ್ಪರ್ ಬೇರೆ ಕೊಳ್ಳಿ. ಜೊತೆಗೆ ತೆಳು ಬಿದಿರುಕಡ್ಡಿಗಳನ್ನು ಕಟ್ಟಿ ಮಾಡಿದ ಬ್ರಷ್ ಟಿಪ್ಪರ್ ಒಂದಿರಲಿ. ಅದರ ಸದ್ದು ಚಿಕ್ಕದು, ಅಪಾರ್ಟ್‌ಮೆಂಟಿನಲ್ಲಿ ಅಭ್ಯಾಸ ಮಾಡುವವರಿಗೆ ಅದೇ ವರ. ಎರಡಕ್ಕೂ ಸೇರಿ ಆಗುವ ಖರ್ಚು ಡ್ರಮ್ಮಿನ ಮುಂದೆ ಏನೇನೂ ಅಲ್ಲ.

ಹಿಡಿತದ ವಿಷಯದಲ್ಲಿ ಪುಸ್ತಿಕೆಯ ಚಿತ್ರಗಳು ಸಾಮಾನ್ಯವಾಗಿ ಗೊಂದಲ ಹುಟ್ಟಿಸುತ್ತವೆ. ಹೀಗೆ ಮಾಡಿ: ಕೈಯಿಲ್ಲದ ಕುರ್ಚಿಯಲ್ಲಿ ನೇರ ಕುಳಿತು ಡ್ರಮ್ಮನ್ನು ಎಡತೊಡೆಯ ಮೇಲೆ ನಿಲ್ಲಿಸಿ, ಎಡ ಮೇಲ್ದೋಳಿನಿಂದ ಮೈಗೆ ಒತ್ತಿಕೊಳ್ಳಿ. ಎಡಗೈ ಹಿಂದಿನಿಂದ ಒಳಗೆ ಹೋಗಿ ಚರ್ಮವನ್ನು ಮುಟ್ಟಬೇಕು. ಎಡಗೈ ತೆಗೆದರೂ ಡ್ರಮ್ ಬೀಳದಿದ್ದರೆ ಹಿಡಿತ ಸರಿ ಎಂದು ಲೆಕ್ಕ. ಬಲಗೈಯಲ್ಲಿ ಟಿಪ್ಪರನ್ನು ಪೆನ್ನಿನಂತೆ, ಆದರೆ ನಡುಭಾಗದಲ್ಲಿ ಹಿಡಿಯಿರಿ. ಈಗ ಮಣಿಕಟ್ಟನ್ನು ಒಳಕ್ಕೆ ಮಡಚಿ, ಬರೆಯುವ ತುದಿ ನಿಮ್ಮ ಎದೆಯ ಕಡೆಗೆ ತಿರುಗಲಿ. ಬಾರಿಸುವುದು ಆ ತುದಿಯಿಂದ. ಚಲನೆ ಮುಂದೋಳಿನ ತಿರುವಿನಿಂದ ಬರಬೇಕು, ಕೈ ತೊಳೆದು ನೀರು ಕೊಡವುವಾಗ ಆಗುವಂಥದ್ದು. ಟಿಪ್ಪರ್ ಚರ್ಮಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸವರಿಕೊಂಡು ಕೆಳಗೆ ಹೋಗಿ, ಸವರಿಕೊಂಡೇ ಮೇಲೆ ಬರಬೇಕು. ತುದಿ ಚರ್ಮಕ್ಕೆ ಚುಚ್ಚಿದಂತೆ ಬಿದ್ದರೆ ‘ಟಕ್’ ಎಂಬ ಒಣ ಸದ್ದು ಬರುತ್ತದೆ. ಆಗ ಹಿಡಿತ ಸಡಿಲಿಸುವುದಕ್ಕಿಂತ ಕೈಯನ್ನು ಚರ್ಮದ ಹತ್ತಿರ ತರುವುದು ಮದ್ದು. ಎಡಚರು ಇದನ್ನೆಲ್ಲ ಅದಲುಬದಲು ಮಾಡಿಕೊಂಡರೆ ಸಾಕು, ಡ್ರಮ್ಮಿಗೆ ಎಡಬಲವಿಲ್ಲ.

ಮೊದಲ ಲಯ ರೀಲ್ ಎಂಬ ಐರಿಷ್ ಕುಣಿತದ್ದು. ಕೊನ್ನಕೋಲ್, ಎಂದರೆ ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳ ಕಿವಿಯಿರುವ ನಮ್ಮವರಿಗೆ ಇದು ಹೊಸದಲ್ಲ: ಒಂದು ಬಾರ್‌ಗೆ, ಎಂದರೆ ತಾಳದ ಒಂದು ಸುತ್ತಿಗೆ, ‘ತಕಧಿಮಿ ತಕಧಿಮಿ’, ಎಂಟು ಹೊಡೆತ, ಕೆಳಗೆ ಮೇಲೆ ಕೆಳಗೆ ಮೇಲೆ ಎಂದು ತಪ್ಪದೆ ಅದಲುಬದಲು. ‘ತ’ಕ್ಕೆ ಒತ್ತು. ಹೊಸಬರು ಒತ್ತು ಕೊಡಲು ‘ತ’ವನ್ನು ಜೋರಾಗಿ ಬಾರಿಸುತ್ತಾರೆ, ಅಷ್ಟರಲ್ಲಿ ಉಳಿದ ಮೂರರ ಲಯ ಕುಸಿಯುತ್ತದೆ. ‘ತ’ವನ್ನು ಇದ್ದಂತೆ ಬಿಟ್ಟು ಉಳಿದ ಮೂರನ್ನು ಚಿಕ್ಕದು ಮಾಡುವುದೇ ಸರಿಯಾದ ದಾರಿ. ಲಯ ಬಡಿದು ತೋರಿಸುವ ಮೆಟ್ರೊನೋಮ್ ಯಂತ್ರವನ್ನು ಬಾರ್‌ಗೆ ಎರಡು ಸಲ ಬಡಿಯುವಂತಿಟ್ಟು ನಿಮಿಷಕ್ಕೆ 60 ಬಡಿತದಲ್ಲಿ ಶುರುಮಾಡಿ. ಸೆಷನ್ನಿನಲ್ಲಿ, ಎಂದರೆ ಪಬ್ಬಿನಲ್ಲಿ ಸುತ್ತ ಕೂತು ನುಡಿಸುವಲ್ಲಿ, ಅದು 110ರ ಹತ್ತಿರ ಓಡುವುದು ಸಾಮಾನ್ಯ. ಲೆಕ್ಕ ಹಾಕಿದರೆ ಸೆಕೆಂಡಿಗೆ ಏಳಕ್ಕೂ ಹೆಚ್ಚು ಹೊಡೆತ. ತೋಳು ಬೀಸುವವರಿಗೆ ಆ ವೇಗ ಎಂದೂ ಬರುವುದಿಲ್ಲ.

ಜಿಗ್ ಎಂಬ ಇನ್ನೊಂದು ಕುಣಿತದ ಲಯ ಬಂದಾಗ ನಮ್ಮ ‘ತಕಿಟ’ ಅರ್ಧ ಸಹಾಯ ಮಾಡಿ ಅರ್ಧ ಕೈಕೊಡುತ್ತದೆ. ಬಾರ್‌ಗೆ ‘ತಕಿಟ ತಕಿಟ’, ಆರು ಹೊಡೆತ. ಎರಡು ದಾರಿಗಳಿವೆ. ಒಂದು, ಕೆಳಗೆ ಮೇಲೆ ಕೆಳಗೆ, ಮೇಲೆ ಕೆಳಗೆ ಮೇಲೆ. ಇದರಲ್ಲಿ ಕೈ ಎಲ್ಲೂ ನಿಲ್ಲುವುದಿಲ್ಲ, ಆದರೆ ಎರಡನೆಯ ‘ತ’ ಮೇಲ್ಹೊಡೆತಕ್ಕೆ ಬೀಳುತ್ತದೆ, ಹೊಸಬರ ಮೇಲ್ಹೊಡೆತದಲ್ಲಿ ಜೀವವಿರುವುದಿಲ್ಲ. ಇನ್ನೊಂದು, ಎರಡೂ ‘ತಕಿಟ’ಕ್ಕೆ ಕೆಳಗೆ ಮೇಲೆ ಕೆಳಗೆ. ಒತ್ತು ತಾನಾಗಿ ಬರುತ್ತದೆ, ಆದರೆ ‘ಟ’ ಮುಗಿದು ‘ತ’ ಬರುವಲ್ಲಿ ಸತತ ಎರಡು ಕೆಳಹೊಡೆತ, ನಡುವೆ ಕೈಯನ್ನು ಸದ್ದಿಲ್ಲದೆ ಮೇಲೆತ್ತಿಕೊಳ್ಳಬೇಕು. ಐರಿಷ್ ಗುರುಗಳಲ್ಲೇ ಈ ಬಗ್ಗೆ ಎರಡು ಪಕ್ಷವಿದೆ. ಮೊದಲನೆಯದರಿಂದಲೇ ಶುರುಮಾಡುವುದು ಮೇಲು, ಮೇಲ್ಹೊಡೆತಕ್ಕೆ ಬಲ ಬಂದರೆ ಅದು ರೀಲ್‌ಗೂ ಒದಗುತ್ತದೆ. ಆದರೆ ಬಾರ್‌ಗೆ ಒಂಬತ್ತು ಹೊಡೆತವಿರುವ ಸ್ಲಿಪ್ ಜಿಗ್‌ಗೆ ಎರಡನೆಯದು ಬೇಕೇ ಬೇಕು. ಒಂಬತ್ತು ಬೆಸ ಸಂಖ್ಯೆಯಾದ್ದರಿಂದ ಅದಲುಬದಲು ಬಾರಿಸಿದರೆ ಒಂದು ಬಾರ್ ಬಿಟ್ಟು ಒಂದು ಬಾರ್ ಮೇಲ್ಹೊಡೆತದಿಂದ ಶುರುವಾಗಿ ಒತ್ತು ದಿಕ್ಕೆಡುತ್ತದೆ.

‘ತಕಿಟ’ ಕೈಕೊಡುವುದು ಎಲ್ಲಿ ಎಂದರೆ, ನಮ್ಮ ತಿಸ್ರದಲ್ಲಿ ಮೂರು ಅಕ್ಷರವೂ ಸಮ. ಐರಿಷ್ ಜಿಗ್‌ನಲ್ಲಿ ಮೊದಲನೆಯದು ಕೊಂಚ ಹಿಗ್ಗುತ್ತದೆ, ನಡುವಿನದು ಕೊಂಚ ಕುಗ್ಗುತ್ತದೆ, ಮೂರನೆಯದು ಮುಂದಿನ ‘ತ’ದ ಕಡೆಗೆ ವಾಲುತ್ತದೆ. ಎಷ್ಟು ಎಂಬುದು ಊರಿಂದೂರಿಗೆ, ಪಿಟೀಲುಗಾರರಿಂದ ಪಿಟೀಲುಗಾರರಿಗೆ ಬೇರೆ. ಮೃದಂಗ, ಖಂಜೀರ ಕಲಿತು ಬಂದವರು ಲೆಕ್ಕದಲ್ಲಿ ಎಂದೂ ತಪ್ಪದೆ ಕೇಳಲು ಮಾತ್ರ ಯಂತ್ರದಂತೆ ನುಡಿಸುವುದಕ್ಕೆ ಇದೇ ಕಾರಣ. ಮೆಟ್ರೊನೋಮ್ ಇದನ್ನು ಕಲಿಸುವುದಿಲ್ಲ. ಒಂದೇ ಕೊಳಲು ಅಥವಾ ಪಿಟೀಲಿನ ಧ್ವನಿಮುದ್ರಣ ಹಾಕಿಕೊಂಡು ಅದರ ಜೊತೆ ತೀರ ಮೆಲ್ಲಗೆ ಬಾರಿಸಬೇಕು.

ಟ್ರಿಪ್ಲೆಟ್ ಎಂಬ ಅಲಂಕಾರಕ್ಕೆ ಟಿಪ್ಪರ್‌ನ ಎರಡೂ ತುದಿ ಬೇಕು. ಐರ್ಲೆಂಡಿನ ಕೆರಿ ಕೌಂಟಿಯ ಶೈಲಿ ಎಂದು ಇದಕ್ಕೆ ಹೆಸರು. ಕೆಳತುದಿ ಕೆಳಗೆ ಬಡಿಯುತ್ತದೆ, ಅದೇ ಇಳಿತ ಮುಂದುವರಿದು ಮೇಲ್ತುದಿ ಚರ್ಮ ಮುಟ್ಟುತ್ತದೆ, ವಾಪಸು ಬರುವಾಗ ಮತ್ತೆ ಕೆಳತುದಿ. ಎರಡು ಹೊಡೆತದ ಕಾಲದಲ್ಲಿ ಮೂರು ಸದ್ದು. ಮೇಲ್ತುದಿ ಮುಟ್ಟುತ್ತಲೇ ಇಲ್ಲವೆಂದರೆ ಟಿಪ್ಪರನ್ನು ನಡುವಿನ ಬದಲು ಮೇಲುಗಡೆ ಹಿಡಿದಿದ್ದೀರಿ, ಇಲ್ಲವೇ ಕೈ ಚರ್ಮದಿಂದ ದೂರವಿದೆ. ರೀಲ್ ಐದು ನಿಮಿಷ ಬಿಡದೆ ಸಮವಾಗಿ ಬರುವ ತನಕ ಇದಕ್ಕೆ ಕೈಹಾಕದಿರುವುದು ಒಳ್ಳೆಯದು. ಸೆಟ್ಟಿನ ದಪ್ಪ ಗುಂಡಿನ ಟಿಪ್ಪರ್ ಇದಕ್ಕಾದರೂ ಒದಗಬೇಕಿತ್ತು, ಭಾರದಿಂದಾಗಿ ಅಲ್ಲೂ ಮೂರನೆಯ ಸದ್ದು ತಡವಾಗುತ್ತದೆ.

ಇಲ್ಲಿವರೆಗೆ 18 ಇಂಚಿನ ಡ್ರಮ್ ತಕರಾರಿಲ್ಲದೆ ದುಡಿಯುತ್ತದೆ. ತೊಡಕು ಹಿಂಬದಿಯದು. ಹಳೆಯ ಬೌರಾನ್ ಹೆಚ್ಚಾಗಿ ಡಿಸೆಂಬರ್ 26ರ ರೆನ್ ದಿನವೆಂಬ ಐರಿಷ್ ಜನಪದ ಹಬ್ಬದ ಮೆರವಣಿಗೆಯಲ್ಲಿ ಬಯಲಿನಲ್ಲಿ ಬಾರಿಸುವ ವಾದ್ಯವಾಗಿತ್ತು. ಅಲ್ಲಿ ಬೇಕಾದದ್ದು ಸದ್ದು, ಅಡ್ಡಪಟ್ಟಿ ಹಿಡಿದುಕೊಳ್ಳಲು ಅನುಕೂಲ. 1960ರ ದಶಕದಲ್ಲಿ ಐರಿಷ್ ಸಂಗೀತ ಸಂಯೋಜಕ ಶಾನ್ ಓ ರಿಯಾದ ತಮ್ಮ ಕ್ಯೋಲ್ಟೋರಿ ಕುಲನ್ ತಂಡದಲ್ಲಿ ಅದನ್ನು ಪಿಟೀಲು, ಕೊಳಲುಗಳ ಪಕ್ಕ ಕೂರಿಸಿದರು. ಆಮೇಲೆ ಡಿ ಡ್ಯಾನನ್ ಎಂಬ ಐರಿಷ್ ಜನಪದ ಸಂಗೀತ ತಂಡದ ಜಾನಿ ಮೆಕ್‌ಡೊನಾ ಅವರಂಥವರು ಒಳಗಿನ ಕೈಯಿಂದ ಚರ್ಮ ಒತ್ತಿ ಸ್ವರವನ್ನೇ ಏರಿಳಿಸತೊಡಗಿದರು. ಇಂದಿನ ಬೌರಾನ್ ಅಂದರೆ ಅರ್ಧ ಈ ಎಡಗೈಯೇ. ಅಂಗೈಯ ಬುಡವನ್ನು ಚರ್ಮಕ್ಕೆ ಹಗುರವಾಗಿ ಒತ್ತಿ ಕೆಳಗಿನಿಂದ ಮೇಲೆ ಸರಿಸಿದರೆ ಕಂಪಿಸುವ ಜಾಗ ಕಿರಿದಾಗಿ ಸ್ವರ ಏರುತ್ತದೆ. ಕೈ ಬಿಟ್ಟರೆ ಆಳದ ಗುಮ್ಮು. ಖಂಜೀರದವರಿಗೆ ಎಡಗೈ ಒತ್ತಿ ಗುಮಕಿ ತೆಗೆಯುವ ಅಂದಾಜು ಮೊದಲೇ ಇರುವುದರಿಂದ ಇಲ್ಲಿ ಅವರು ಬೇಗ ಮುಂದೆ ಹೋಗುತ್ತಾರೆ. ಬೆರಳತುದಿಯಿಂದ ಒತ್ತಿದರೆ ಮಾತ್ರ ಕೀರಲು ಸದ್ದುಗಳು ಏಳುತ್ತವೆ, ಅಂಗೈಯೇ ಬೇಕು.

ಅಡ್ಡಪಟ್ಟಿ ಇರುವ ಡ್ರಮ್ಮಿನಲ್ಲಿ ಈ ಕೈ ಒಂದೇ ಕಡೆ ಸಿಕ್ಕಿಬೀಳುತ್ತದೆ. ಪಟ್ಟಿ ಕಿತ್ತುಬಿಡಿ ಎಂದು ಹಲವರು ಹೇಳುತ್ತಾರೆ. ತಿರುಪಿನಿಂದ ಕೂರಿಸಿದ್ದರೆ, ಚೌಕಟ್ಟು ದಪ್ಪವಿದ್ದರೆ ಸರಿ. ಅಗ್ಗದ ಸೆಟ್ಟಿನ ತೆಳು ಚೌಕಟ್ಟು ದುಂಡಗೆ ಉಳಿದಿರುವುದೇ ಆ ಪಟ್ಟಿಯಿಂದ. ಅದನ್ನು ತೆಗೆದ ಮೇಲೆ ಚರ್ಮದ ಸೆಳೆತಕ್ಕೆ ಚೌಕಟ್ಟು ಮೊಟ್ಟೆಯಾಕಾರಕ್ಕೆ ತಿರುಗಿದರೆ ಮತ್ತೆ ಸರಿಪಡಿಸುವಂತಿಲ್ಲ.

ಇನ್ನು ಹವೆ. ಟ್ಯೂನ್ ಮಾಡುವ ಬೋಲ್ಟ್ ಇಲ್ಲದ ಮೇಕೆ ಚರ್ಮ ಮಂಗಳೂರಿನ ಜುಲೈಯಲ್ಲಿ ಒದ್ದೆ ಬಟ್ಟೆ, ಡಬ್ಲಿನ್ ಮನೆಯ ಹೀಟರ್ ಪಕ್ಕದಲ್ಲಿ ತಗಡು. ಬಿಗಿ ಹೆಚ್ಚಾದರೆ ಒಳಬದಿಗೆ ಕೈಯಿಂದ ಒಂದೆರಡು ಹನಿ ನೀರು ಸವರಿ ಐದು ನಿಮಿಷ ಬಿಡಿ. ಸಡಿಲವಾದರೆ ಹೇರ್ ಡ್ರೈಯರನ್ನು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸಿ. ತಮಟೆಯನ್ನು ಬೆಂಕಿಗೆ ಹಿಡಿದು ಹದ ಮಾಡುವುದನ್ನು ನೋಡಿ ಇಲ್ಲೂ ಹಾಗೆ ಮಾಡಲು ಹೋಗಬೇಡಿ. ಬೌರಾನಿನ ಚರ್ಮ ಚೌಕಟ್ಟಿಗೆ ಅಂಟಿನಿಂದ, ಮೊಳೆಯಿಂದ ಕೂತಿರುತ್ತದೆ. ಬಿಸಿಗೆ ಅಂಟು ಬಿಟ್ಟುಕೊಂಡರೆ ಅಂಚಿನಲ್ಲಿ ಚರ್ಮ ಹರಿಯುವುದು ಖಂಡಿತ. ಸದ್ದಿನಲ್ಲಿ ಗುಂಯ್‌ಗುಡುವಿಕೆ ಹೆಚ್ಚಿದ್ದರೆ ಚರ್ಮದ ಹೊರಬದಿಯ ಅಂಚಿನ ಸುತ್ತ ಎಲೆಕ್ಟ್ರಿಷಿಯನ್ನರ ಕಪ್ಪು ಟೇಪನ್ನು ಬೆರಳಗಲಕ್ಕೆ ಅಂಟಿಸಿ. ಅಗ್ಗದ ಸೆಟ್ಟಿಗೆ ಮಾಡಬಹುದಾದ ಅತಿ ಒಳ್ಳೆಯ ಉಪಕಾರ ಇದು, ಖರ್ಚು ಕೆಲವೇ ರೂಪಾಯಿ.

ಪ್ಲಾಸ್ಟಿಕ್ ಹಾಳೆಯ ಬೌರಾನ್‌ಗಳೂ ಇವೆ, ರೆಮೋದಂಥ ಕಂಪನಿಗಳು ಮಾಡುತ್ತವೆ. ಮಳೆಗೆ ಜಗ್ಗುವುದಿಲ್ಲ. ಕರಾವಳಿಯವರಿಗೆ ಅದೇ ವಾಸಿ. ಟಿಪ್ಪರ್ ಸವರುವ ಆ ಮೃದು ಸದ್ದು ಮಾತ್ರ ಚರ್ಮದ್ದೇ ಬೇರೆ.

ಹಣ ಎರಡು ಮೂರು ಪಟ್ಟು ಹಾಕಲು ಸಾಧ್ಯವಿದ್ದರೆ ಸೆಟ್ ಬಿಟ್ಟು 14ರಿಂದ 16 ಇಂಚಿನ, ಐದಾರು ಇಂಚು ಆಳದ, ಅಡ್ಡಪಟ್ಟಿಯಿಲ್ಲದ, ಒಳಬಳೆಯನ್ನು ಬೋಲ್ಟುಗಳಿಂದ ಬಿಗಿಸುವ ಡ್ರಮ್ ಕೊಳ್ಳಿ. ಅಲೆನ್ ಕೀಯಿಂದ ಒಂದು ಬೋಲ್ಟಿಗೆ ಕಾಲು ಸುತ್ತು, ನಂತರ ಅದರ ಎದುರಿನದಕ್ಕೆ ಕಾಲು ಸುತ್ತು, ಹೀಗೆ ಬಿಗಿಸಬೇಕು. ಒಂದೇ ಬದಿಯಿಂದ ಬಿಗಿಸುತ್ತ ಹೋದರೆ ಬಳೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ನುಡಿಸಿ ಮುಗಿದ ಮೇಲೆ ಸಡಿಲಿಸಿಡಿ. ವಿಮಾನದಲ್ಲಿ ಊರಿಗೆ ತರುವಾಗಲಂತೂ ಪೂರ್ತಿ ಸಡಿಲಿಸಿ.

ಪುಸ್ತಿಕೆಯಲ್ಲಿ ಬಾಣದ ಗುರುತುಗಳಿವೆ, ರೀಲ್ ಮತ್ತು ಜಿಗ್ ಇವೆ, ಕೆಲವದರಲ್ಲಿ ಪೋಲ್ಕಾ ಇದೆ. ಇಲ್ಲದಿರುವುದು ಟ್ಯೂನ್‌ಗಳ ರಚನೆ. ಬಹುಪಾಲು ಐರಿಷ್ ಟ್ಯೂನ್‌ಗಳಲ್ಲಿ ಎಂಟೆಂಟು ಬಾರ್‌ನ ಎರಡು ಭಾಗ, ಒಂದೊಂದನ್ನು ಎರಡು ಸಲ, ಒಟ್ಟು 32 ಬಾರ್. ಇಡೀ ಟ್ಯೂನ್ ಎರಡು ಮೂರು ಸಲ ಬಂದು ನಿಲ್ಲದೆ ಮುಂದಿನದಕ್ಕೆ ಹೊರಳುತ್ತದೆ. ಆ ಹೊರಳುವ ಜಾಗ ಗೊತ್ತಿಲ್ಲದೆ ಬಾರಿಸುವವರಿಂದಲೇ ‘ಬೌರಾನ್ ನುಡಿಸಲು ಒಳ್ಳೆಯ ಸಾಧನ ಚಾಕು’ ಎಂಬ ಕುಹಕ ಐರ್ಲೆಂಡಿನಲ್ಲಿ ಹುಟ್ಟಿದ್ದು. ಸೆಷನ್ನಿನಲ್ಲಿ ಒಬ್ಬರು ಆಗಲೇ ಬೌರಾನ್ ಹಿಡಿದಿದ್ದರೆ ಎರಡನೆಯವರು ಸುಮ್ಮನಿರುವುದು ಅಲ್ಲಿನ ಮರ್ಯಾದೆ. ಮೊದಲ ಸುತ್ತು ಕೇಳಿ, ಎರಡನೆಯ ಸುತ್ತಿಗೆ ಬರೀ ‘ತ’ಗಳನ್ನಷ್ಟೇ ಹಿಡಿದು ಸೇರಿಕೊಳ್ಳಿ. ಗುರುಮುಖೇನ ಕಲಿಯುವ ಆಸೆಯಿದ್ದವರಿಗೆ ಅರಾನ್ ದ್ವೀಪಗಳಲ್ಲಿ ಚಿಕ್ಕದಾದ ಇನಿಶೀರ್‌ನಲ್ಲಿ ಬೌರಾನಿಗೆಂದೇ ಕ್ರಾಕನ್ ಎಂಬ ಬೇಸಿಗೆ ಶಾಲೆ ನಡೆಯುತ್ತದೆ.

ಅಂಗಡಿಯಲ್ಲೇ ಕೊಳ್ಳುವವರು ಸೆಟ್ ತೆರೆಸಿ ನೋಡಿ. ಡ್ರಮ್ಮನ್ನು ಮೇಜಿನ ಮೇಲೆ ಬೋರಲು ಇಟ್ಟಾಗ ಅಲುಗಾಡಿದರೆ ಚೌಕಟ್ಟು ಸೊಟ್ಟ. ಬೆಳಕಿಗೆ ಹಿಡಿದಾಗ ಮೇಕೆಯ ಬೆನ್ನುಹುರಿಯ ಗೆರೆ ನಡುವಿನಲ್ಲಿ ಹಾದಿದ್ದರೆ ಚರ್ಮ ಎರಡೂ ಕಡೆ ಸಮವಾಗಿರುವ ಸಂಭವ ಹೆಚ್ಚು. ಹೆಬ್ಬೆರಳಿನಿಂದ ನಡುವಿಗೆ ಒತ್ತಿ ನೋಡಿ, ಒಂಚೂರೂ ಬಗ್ಗದ ಚರ್ಮ ಎಡಗೈಗೂ ಬಗ್ಗುವುದಿಲ್ಲ, ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ.